ಪಾರ್ಕ್‌ಲ್ಯಾಂಡ್ ಗಾಲ್ಫ್ ಕೋರ್ಸ್‌ನಲ್ಲಿ ಆಡುವುದು ಹೇಗೆ: ಬುಕಿಂಗ್‌ನಿಂದ 18ನೇ ಗ್ರೀನ್‌ವರೆಗೆ

ಮರಗಳ ನಡುವೆ ಹರಡಿಕೊಂಡ ಗಾಲ್ಫ್ ಕೋರ್ಸ್‌ಗೆ ಪಾರ್ಕ್‌ಲ್ಯಾಂಡ್ ಅಂತಾರೆ. ಸಮುದ್ರ ದೂರ, ಮಣ್ಣು ಮೆತ್ತಗೆ, ಹುಲ್ಲು ದಟ್ಟ. ಫೇರ್‌ವೇ ಅಂದರೆ ಹುಲ್ಲು ಗಿಡ್ಡ ಕತ್ತರಿಸಿದ ಆಟದ ಹಾದಿ. ಅದರ ಎರಡೂ ಬದಿಗೆ ಮರಗಳ ಸಾಲು, ಅಲ್ಲಲ್ಲಿ ಕೆರೆ, ತೊರೆ, ಬಂಕರ್ ಅನ್ನುವ ಮರಳಿನ ಗುಂಡಿ. ಕಡಲ ದಂಡೆಯ ಲಿಂಕ್ಸ್ ಕೋರ್ಸ್‌ನಲ್ಲಿ ನೆಲ ಮರಳು, ಗಟ್ಟಿ. ಚೆಂಡು ಬಿದ್ದ ಮೇಲೂ ಉರುಳುತ್ತಲೇ ಇರುತ್ತದೆ, ಗಾಳಿಯ ಕಾಟ ಜಾಸ್ತಿ. ಪಾರ್ಕ್‌ಲ್ಯಾಂಡ್‌ನಲ್ಲಿ ಚೆಂಡು ಬಿದ್ದ ಜಾಗದ ಹತ್ತಿರವೇ ನಿಲ್ಲುತ್ತದೆ, ಕಾಟ ಕೊಡುವುದು ಮರ.

ಟಿವಿಯಲ್ಲಿ ಮಾಸ್ಟರ್ಸ್ ಟೂರ್ನಿ ನೋಡಿದ್ದರೆ ಇಂಥ ಕೋರ್ಸ್ ನಿಮಗೆ ಗೊತ್ತು. ಅದು ನಡೆಯುವ ಅಮೆರಿಕದ ಆಗಸ್ಟಾ ನ್ಯಾಷನಲ್ ಎದ್ದದ್ದು ಹಿಂದೆ ನರ್ಸರಿ ಇದ್ದ ಜಾಗದಲ್ಲಿ, ಅಲ್ಲಿನ 18 ಹೋಲ್‌ಗೂ (ಟೀ ಅನ್ನುವ ಶುರುವಿನ ಜಾಗದಿಂದ ಗ್ರೀನ್ ಅನ್ನುವ, ಕುಳಿ ಇರುವ ನುಣುಪು ಹುಲ್ಲಿನವರೆಗೆ ಒಂದು ಹೋಲ್) ಒಂದೊಂದು ಗಿಡ ಮರದ ಹೆಸರಿದೆ. 17ನೇ ಹೋಲ್‌ನಲ್ಲಿ ಒಂದು ದೊಡ್ಡ ಪೈನ್ ಮರ ಇತ್ತು. ಕ್ಲಬ್‌ನ ಸದಸ್ಯರೂ ಆಗಿದ್ದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಚೆಂಡು ಪದೇ ಪದೇ ಹೋಗಿ ಅದಕ್ಕೇ ಬಡಿಯುತ್ತಿತ್ತು. 1956ರಲ್ಲಿ ಅವರು ಕ್ಲಬ್ ಸಭೆಯಲ್ಲಿ ಆ ಮರ ಕಡಿಸಿ ಅಂತ ಕೇಳಿದರು. ಸಭೆ ನಡೆಸುತ್ತಿದ್ದ ಕ್ಲಿಫರ್ಡ್ ರಾಬರ್ಟ್ಸ್ ಉತ್ತರ ಕೊಡುವ ಬದಲು ಸಭೆಯನ್ನೇ ಮುಗಿಸಿಬಿಟ್ಟರು. 2014ರಲ್ಲಿ ಹಿಮದ ಬಿರುಗಾಳಿಗೆ ಹಾಳಾಗುವವರೆಗೂ ಮರ ಅಲ್ಲೇ ನಿಂತಿತ್ತು. ದೇಶದ ಅಧ್ಯಕ್ಷರಿಗೇ ದಾರಿ ಬಿಡದ ಮರ ನಮಗೆ ಬಿಡುತ್ತದಾ?

ಹಾಗಾಗಿ ಈ ಬರಹದಲ್ಲಿ ಮರದ ಕೆಳಗಿನ ಆಟಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಚೆಂಡು ಒಮ್ಮೆ ಮರಗಳೊಳಗೆ ಹೋದರೆ ಸಾಮಾನ್ಯವಾಗಿ ಒಂದು ಸ್ಟ್ರೋಕ್, ಅಂದರೆ ಒಂದು ಹೊಡೆತ ನಷ್ಟ, ಅಷ್ಟೇ. ಅಲ್ಲಿಂದ ಹೊಡೆಯುವ ಮುಂದಿನ ಹೊಡೆತದಲ್ಲಿ ಆಸೆಬುರುಕತನ ತೋರಿಸಿದರೆ ಮೂರೋ ನಾಲ್ಕೋ ಹೋಗುತ್ತವೆ.

ಬುಕ್ ಮಾಡುವ ಮೊದಲು

ಮೊದಲು ಕೇಳಬೇಕಾದದ್ದು, ಹೊರಗಿನವರಿಗೆ ಆಡಲು ಬಿಡುತ್ತಾರಾ ಅಂತ. ಕೆಲವು ಕ್ಲಬ್‌ಗಳಲ್ಲಿ ಸದಸ್ಯರ ಜೊತೆ ಹೋದರೆ ಮಾತ್ರ ಪ್ರವೇಶ. ಇನ್ನು ಕೆಲವು ಕಡೆ ವಾರದ ಕೆಲವು ದಿನ, ಕೆಲವು ಹೊತ್ತು ಮಾತ್ರ ಅತಿಥಿಗಳಿಗೆ. ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ನೋಡಿ ಸ್ಕೋರ್‌ನಿಂದ ಕಳೆಯಲು ಕೊಡುವ ಹೊಡೆತಗಳ ಲೆಕ್ಕ) ಪ್ರಮಾಣಪತ್ರ ಕೇಳುವ ಕ್ಲಬ್‌ಗಳೂ ಇವೆ. 2020ರಲ್ಲಿ ಶುರುವಾದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ 54.0ವರೆಗೂ ಹ್ಯಾಂಡಿಕ್ಯಾಪ್ ಸಿಗುತ್ತದೆ, ಹಾಗಾಗಿ ಹೊಸಬರೂ ಒಂದು ಮಾಡಿಸಿಟ್ಟುಕೊಳ್ಳಬಹುದು.

ಎರಡನೆಯದನ್ನು ಬಹಳ ಜನ ಕೇಳುವುದೇ ಇಲ್ಲ: ಗ್ರೀನ್‌ಗಳಿಗೆ ಈಚೆಗೆ ತೂತು ಹೊಡೆದಿದ್ದಾರಾ? ಮಣ್ಣು ಸಡಿಲ ಆಗಲಿ, ಬೇರಿಗೆ ಗಾಳಿ ನೀರು ಹೋಗಲಿ ಅಂತ ವರ್ಷಕ್ಕೆ ಒಂದೆರಡು ಸಲ ಗ್ರೀನ್ ತುಂಬಾ ಸಣ್ಣ ತೂತು ಮಾಡಿ ಮೇಲೆ ಮರಳು ಹಾಕುತ್ತಾರೆ. ಹುಲ್ಲಿಗೆ ಅದು ಬೇಕೇ ಬೇಕು. ಆದರೆ ಆ ಒಂದೆರಡು ವಾರ ಪಟ್ ಮಾಡಿದ, ಅಂದರೆ ಕುಳಿಯ ಕಡೆ ಉರುಳಿಸಿದ ಚೆಂಡು ಕುಣಿಯುತ್ತಾ ಹೋಗುತ್ತದೆ. ಪೂರ್ತಿ ಗ್ರೀನ್ ಫೀ ಕೊಟ್ಟು ಯಾಕೆ ಆಡಬೇಕು? ದಿನ ಬದಲಿಸಿ, ಇಲ್ಲವೇ ರಿಯಾಯಿತಿ ಇದೆಯಾ ಕೇಳಿ.

ಮೂರನೆಯದು ಮಳೆ. ನೀರು ನಿಂತರೆ ಕಾರ್ಟ್‌ಗಳನ್ನು ನಿಲ್ಲಿಸುತ್ತಾರೆ ಅಥವಾ ಕಾರ್ಟ್ ಹಾದಿ ಬಿಟ್ಟು ಇಳಿಯಬೇಡಿ ಅನ್ನುತ್ತಾರೆ. ಹಾದಿಯಲ್ಲೇ ಇರಬೇಕು ಅಂದರೆ, ಪ್ರತಿ ಹೊಡೆತಕ್ಕೂ ಮೂರು ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿದುಕೊಂಡು ಅಡ್ಡಡ್ಡ ನಡೆಯಬೇಕಾಗುತ್ತದೆ. ಅದಕ್ಕಿಂತ ಟ್ರಾಲಿ ತಳ್ಳಿಕೊಂಡು ಹೋಗುವುದೇ ಸುಖ. 18 ಹೋಲ್ ನಡೆದರೆ ಸುಮಾರು 8ರಿಂದ 10 ಕಿಲೋಮೀಟರ್ ಆಗುತ್ತದೆ. ನಾಲ್ಕು ಜನ ಆಡಿದರೆ ನಾಲ್ಕರಿಂದ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಸಂಜೆಯ ರಿಯಾಯಿತಿ ಹೊತ್ತಿನಲ್ಲಿ ಬುಕ್ ಮಾಡುವವರು ಇದನ್ನು ಮರೆಯಬಾರದು. ಮರಗಳ ನಡುವೆ ಬಯಲಿಗಿಂತ ಬೇಗ ಮಬ್ಬಾಗುತ್ತದೆ.

ಬಟ್ಟೆಯ ನಿಯಮವನ್ನು ಅವರ ವೆಬ್‌ಸೈಟಿನಲ್ಲಿ ನೋಡಿಬಿಡಿ. ಕಾಲರ್ ಇರುವ ಶರ್ಟ್, ಜೀನ್ಸ್ ಅಲ್ಲದ ಪ್ಯಾಂಟ್, ಮೆತ್ತನೆಯ ಸ್ಪೈಕ್ ಇರುವ ಶೂ ಇದ್ದರೆ ಹೆಚ್ಚಿನ ಕಡೆ ತೊಂದರೆ ಇಲ್ಲ.

ಬ್ಯಾಗಿನಲ್ಲಿ ಏನಿರಲಿ

ನಿಯಮದ ಪ್ರಕಾರ 14 ಕ್ಲಬ್‌ವರೆಗೆ ಒಯ್ಯಬಹುದು. ಹೊಸ ಕೋರ್ಸ್‌ಗೆ ಹೊತ್ತುಕೊಂಡು ಹೋಗುವುದಾದರೆ ಹತ್ತು ಹನ್ನೊಂದು ಸಾಕು. ಮೆತ್ತನೆಯ ಫೇರ್‌ವೇಯಿಂದ ಉದ್ದನೆಯ ಐರನ್ (ತೆಳ್ಳನೆಯ ಲೋಹದ ತಲೆಯ ಕ್ಲಬ್, ನಂಬರ್ ಚಿಕ್ಕದಾದಷ್ಟು ಚೆಂಡು ತಗ್ಗಾಗಿ ದೂರ ಹೋಗುತ್ತದೆ) ಹೊಡೆಯುವುದು ಕಷ್ಟ, ಅದರ ಬದಲು ದಪ್ಪ ತಲೆಯ ಹೈಬ್ರಿಡ್ ಇರಲಿ. ಆದರೆ 5 ಐರನ್ ಮನೆಯಲ್ಲಿ ಬಿಡಬೇಡಿ, ಅದರ ಕೆಲಸ ಮುಂದೆ ಬರುತ್ತದೆ.

ನೀರು ಒಳಬಿಡದ ಶೂ, ಎರಡು ಟವೆಲ್, ಪಿಚ್ ಮಾರ್ಕ್ (ಚೆಂಡು ಬಿದ್ದು ಗ್ರೀನ್‌ನಲ್ಲಾದ ಗುಂಡಿ) ಸರಿಮಾಡುವ ಫೋರ್ಕ್, ಚೆಂಡಿನ ಜಾಗ ಗುರುತಿಡಲು ಒಂದು ನಾಣ್ಯ, ಮಾಸದ ಪೆನ್. ಪೆನ್ನಿನಿಂದ ನಿಮ್ಮ ಪ್ರತಿ ಚೆಂಡಿಗೂ ಒಂದು ಗುರುತು ಹಾಕಿ. ಮರದ ಕೆಳಗೆ ಅದೇ ಕಂಪನಿಯ, ಅದೇ ನಂಬರಿನ ಬೇರೆಯವರ ಚೆಂಡು ಬಿದ್ದಿರುವುದು ಅಪರೂಪವೇನಲ್ಲ. ಅದು ನಿಮ್ಮದು ಅಂತ ಗುರುತಿಸಲಾಗದಿದ್ದರೆ ಕಳೆದುಹೋದಂತೆಯೇ ಲೆಕ್ಕ.

ಎಲೆ ಉದುರುವ ಕಾಲದಲ್ಲಿ ಹಳದಿ ಚೆಂಡು ತರಬೇಡಿ. ಒಣಗಿದ ಎಲೆಗಳ ಮಧ್ಯೆ ಅದು ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ.

ಕೋರ್ಸ್ ತಲುಪಿದ ಮೇಲೆ

ಟೀ ಟೈಮ್‌ಗೆ, ಅಂದರೆ ಆಟ ಶುರುಮಾಡಲು ಬುಕ್ ಮಾಡಿದ ಹೊತ್ತಿಗೆ ಮುಕ್ಕಾಲು ಗಂಟೆ ಮುಂಚೆ ಬನ್ನಿ. ಪ್ರೊ ಶಾಪ್‌ನಲ್ಲಿ ಹಣ ಕಟ್ಟಿ ಸ್ಕೋರ್‌ಕಾರ್ಡ್ ತೆಗೆದುಕೊಳ್ಳಿ. ಅದರ ಹಿಂಬದಿಯಲ್ಲಿ ಸ್ಥಳೀಯ ನಿಯಮಗಳಿರುತ್ತವೆ, ಓದದೆ ಜೇಬಿಗೆ ಹಾಕಿಕೊಳ್ಳಬೇಡಿ. ಮೂರು ವಿಷಯ ಹುಡುಕಿ. ಫೇರ್‌ವೇಯಲ್ಲಿ ಚೆಂಡು ಎತ್ತಿ ಒರೆಸಿ ಇಡಬಹುದಾ? ಗೂಟ ಕಟ್ಟಿದ ಎಳೆ ಗಿಡಗಳ ಹತ್ತಿರ ಬಿದ್ದರೆ ಏನು? ಚೆಂಡು ಕಳೆದರೆ ಹಿಂದಕ್ಕೆ ಹೋಗದೆ, ಎರಡು ಸ್ಟ್ರೋಕ್ ದಂಡ ಹಾಕಿಕೊಂಡು ಅಲ್ಲೇ ಮುಂದೆ ಡ್ರಾಪ್ ಮಾಡುವ (ಚೆಂಡನ್ನು ಕೈಯಿಂದ ಬೀಳಿಸಿ ಆಡುವ) ಅವಕಾಶ ಇದೆಯಾ? ಇದು 2019ರಿಂದ ಕ್ಲಬ್‌ಗಳು ಬೇಕಾದರೆ ಜಾರಿ ಮಾಡಬಹುದಾದ ನಿಯಮ. ಮರ ತುಂಬಿದ ಕೋರ್ಸ್‌ನಲ್ಲಿ ಇದ್ದರೆ ದೊಡ್ಡ ಉಪಕಾರ.

ಅಭ್ಯಾಸಕ್ಕೆ ಸಮಯ ಕಡಿಮೆ ಇದ್ದರೆ ದೂರ ಹೊಡೆಯುವ ಡ್ರೈವರ್ ಬಿಟ್ಟು, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಹಿಡಿಯಿರಿ. ಪ್ರಾಕ್ಟೀಸ್ ಗ್ರೀನ್‌ನಲ್ಲಿ ಉದ್ದನೆಯ ಪಟ್‌ಗಳನ್ನು ಹೊಡೆದು ವೇಗ ಎಷ್ಟಿದೆ ಅಂತ ಕೈಗೆ ಗೊತ್ತುಮಾಡಿಕೊಳ್ಳಿ.

ಪ್ರತಿ ಹೋಲ್‌ಗೂ ಹಿಂದೆ ಮುಂದೆ ಹಲವು ಟೀ ಇರುತ್ತವೆ. ಯಾವ ಟೀಯಿಂದ ಆಡಬೇಕು? ಸುಲಭದ ಲೆಕ್ಕ ಇದೆ. ನಿಮ್ಮ 5 ಐರನ್ ಎಷ್ಟು ಯಾರ್ಡ್ ಹೋಗುತ್ತದೋ ಅದನ್ನು 36ರಿಂದ ಗುಣಿಸಿ. 150 ಯಾರ್ಡ್ ಹೋದರೆ 5,400 ಯಾರ್ಡ್. ಒಟ್ಟು ಉದ್ದ ಅದರ ಆಸುಪಾಸಿನಲ್ಲಿರುವ ಟೀ ಆರಿಸಿ. ಮೆತ್ತನೆಯ ನೆಲದಲ್ಲಿ ಉರುಳಾಟ ಸಿಗುವುದಿಲ್ಲವಾದ್ದರಿಂದ ಅನುಮಾನ ಬಂದರೆ ಮುಂದಿನ ಟೀಗೇ ಹೋಗಿ. ಹಿಂದಿನ ಟೀಯಿಂದ ಆಡುವುದು ಗಂಡಸ್ತನದ ಪರೀಕ್ಷೆ ಅಂದುಕೊಂಡವರು ಹಿಂದಿನ ಗುಂಪಿನವರನ್ನೂ ಕಾಯಿಸುತ್ತಾರೆ.

ಇನ್ನೊಂದು ಸಲಹೆ: ಮೊದಲ ಸಲ ಹೋದ ಕೋರ್ಸ್‌ನಲ್ಲಿ ಸ್ಟೇಬಲ್‌ಫರ್ಡ್ ಲೆಕ್ಕದಲ್ಲಿ ಆಡಿ. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ರೂಪಿಸಿದ ಈ ಪದ್ಧತಿಯ ಸ್ಪರ್ಧೆ 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್‌ನಲ್ಲಿ ನಡೆಯಿತು. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್‌ಗೆ (ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ) 2 ಅಂಕ, ಬೋಗಿಗೆ (ಒಂದು ಜಾಸ್ತಿ) 1, ಬರ್ಡಿಗೆ (ಒಂದು ಕಡಿಮೆ) 3, ಡಬಲ್ ಬೋಗಿ (ಎರಡು ಜಾಸ್ತಿ) ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಒಂದು ಹೋಲ್ ಕೆಟ್ಟರೆ ಚೆಂಡು ಎತ್ತಿಕೊಂಡು ಮುಂದಕ್ಕೆ ನಡೆಯಬಹುದು.

ಟೀಯಲ್ಲಿ ನಿಂತು ಏನು ನೋಡಬೇಕು

ಮೊದಲು ಗ್ರೀನ್ ನೋಡಿ, ಆಮೇಲೆ ಫೇರ್‌ವೇ. ಧ್ವಜ ಬಲಕ್ಕೆ ಬಂಕರ್ ಹಿಂದೆ ಇದ್ದರೆ ಫೇರ್‌ವೇಯ ಎಡಗಡೆಯಿಂದ ದಾರಿ ತೆರೆದುಕೊಳ್ಳುತ್ತದೆ. ಆ ಕಡೆ ಮರದ ಕೊಂಬೆ ಚಾಚಿದ್ದರೆ ಆ ಲೆಕ್ಕವೂ ತಲೆಕೆಳಗು. ಪಾರ್ಕ್‌ಲ್ಯಾಂಡ್‌ನಲ್ಲಿ ಚೆಂಡು ಫೇರ್‌ವೇಯಲ್ಲಿದ್ದರೂ ಗ್ರೀನ್‌ಗೆ ದಾರಿ ಇಲ್ಲದಿರುವುದು ಮಾಮೂಲು. 1997ರ ರೈಡರ್ ಕಪ್ ಟೂರ್ನಿ ನಡೆದ ಸ್ಪೇನ್‌ನ ವಾಲ್ಡೆರಾಮಾದಲ್ಲಿ 2ನೇ ಹೋಲ್‌ನ ಫೇರ್‌ವೇ ನಡುವೆಯೇ ಕಾರ್ಕ್ ಓಕ್ ಮರ ನಿಂತಿದೆ.

ಹೋಲ್ ಬಾಗಿದ್ದರೆ ಮೂಲೆ ಕತ್ತರಿಸಿ ಮರದ ಮೇಲಿಂದ ಹಾರಿಸುವ ಆಸೆ ಬರುತ್ತದೆ. ಚೆಂಡು ಎತ್ತರಕ್ಕೆ ಏರಿ ಎಷ್ಟು ದೂರ ಗಾಳಿಯಲ್ಲೇ ಹೋಗುತ್ತದೆ ಅಂತ ನಿಮಗೆ ನಿಖರವಾಗಿ ಗೊತ್ತಿದ್ದರೆ ಹೊಡೆಯಿರಿ. ಗೊತ್ತಿಲ್ಲದಿದ್ದರೆ ಬಾಗುವ ಜಾಗದ ಹೊರಬದಿಗೆ ಹೈಬ್ರಿಡ್‌ನಲ್ಲಿ ಹೊಡೆದು ಇನ್ನೊಂದು ಹೊಡೆತ ಇಟ್ಟುಕೊಳ್ಳಿ.

ಟೀ ಮಾರ್ಕರ್‌ಗಳ ನಡುವೆ ಎಲ್ಲಿ ಬೇಕಾದರೂ, ಎರಡು ಕ್ಲಬ್ ಉದ್ದ ಹಿಂದಕ್ಕೂ ಟೀ ಇಡಬಹುದು. ಇದನ್ನು ಬಳಸಿಕೊಳ್ಳಿ. ಅಪಾಯ ಬಲಕ್ಕಿದ್ದರೆ ಬಲ ಮಾರ್ಕರ್ ಪಕ್ಕದಲ್ಲೇ ಟೀ ಇಟ್ಟು ಎಡಕ್ಕೆ ಗುರಿ ಇಡಿ. ಅಪಾಯದ ಪಕ್ಕ ನಿಂತು ಅದರಿಂದ ದೂರಕ್ಕೆ ಹೊಡೆದಂತಾಗುತ್ತದೆ.

ಗಾಳಿ ನೋಡುವಾಗ ಮರದ ತುದಿ ನೋಡಿ. ಟೀಯಲ್ಲಿ ಹುಲ್ಲು ಎಸೆದರೆ ನೇರ ಕೆಳಗೆ ಬೀಳುತ್ತದೆ, ಗ್ರೀನ್‌ನ ಧ್ವಜ ಜೋತುಬಿದ್ದಿರುತ್ತದೆ, ಗಾಳಿಯೇ ಇಲ್ಲ ಅನ್ನಿಸುತ್ತದೆ. ತಲೆ ಎತ್ತಿದರೆ ಮೇಲಿನ ಕೊಂಬೆಗಳು ಒಂದೇ ಕಡೆಗೆ ವಾಲುತ್ತಿರುತ್ತವೆ. ಎತ್ತರದ ಚೆಂಡು ಮರದ ತುದಿ ದಾಟಿದ ತಕ್ಷಣ ಆ ಗಾಳಿಗೆ ಸಿಗುತ್ತದೆ. ಎದುರುಗಾಳಿ ಇದ್ದರೆ ಒಂದು ಕ್ಲಬ್ ಜಾಸ್ತಿ, ಅಂದರೆ ಇನ್ನಷ್ಟು ದೂರ ಹೋಗುವ ಕ್ಲಬ್ ತೆಗೆದುಕೊಳ್ಳಿ.

ಚೆಂಡು ಮರಗಳ ಕಡೆ ಹೊರಟರೆ ‘ಫೋರ್!’ (ಹುಷಾರು!) ಅಂತ ಜೋರಾಗಿ ಕೂಗಿ, ಆ ಕಡೆ ಯಾರೂ ಕಾಣದಿದ್ದರೂ. ಮರಗಳ ಆಚೆ ಪಕ್ಕದ ಫೇರ್‌ವೇ ಇರುತ್ತದೆ. ಆಮೇಲೆ ಅದು ಹೋದ ಜಾಗದಲ್ಲಿರುವ ಒಂದು ಮರವನ್ನು ಗುರುತು ಮಾಡಿಕೊಳ್ಳಿ. ಸಿಗುತ್ತದೋ ಇಲ್ಲವೋ ಅನ್ನಿಸಿದರೆ, ‘ಪ್ರೊವಿಷನಲ್ ಚೆಂಡು ಆಡುತ್ತೇನೆ’ ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆಯಿರಿ. ಮೊದಲನೆಯದು ಸಿಗದಿದ್ದರೆ ಇದು ಲೆಕ್ಕಕ್ಕೆ. ‘ಇನ್ನೊಂದು ಹೊಡೀತೀನಿ’ ಅಂತಷ್ಟೇ ಹೇಳಿದರೆ ಮೊದಲನೆಯದು ಸಿಕ್ಕರೂ ಅದು ಲೆಕ್ಕಕ್ಕಿಲ್ಲ. ಹುಡುಕಲು ಇರುವುದು 3 ನಿಮಿಷ.

ಮರಗಳ ಕೆಳಗಿನಿಂದ

ಚೆಂಡು ಸಿಕ್ಕಿತು. ಮುಂದೆ ಎರಡು ಕಾಂಡಗಳ ನಡುವೆ ಒಂದು ಸಂದಿ, ಅದರಾಚೆ ಗ್ರೀನ್ ಹೊಳೆಯುತ್ತಿದೆ. ಮರ ಅಂದರೆ ನೂರರಲ್ಲಿ ತೊಂಬತ್ತು ಪಾಲು ಗಾಳಿ ಅಂತ ಗಾಲ್ಫ್ ಆಡುವವರು ತಮಾಷೆ ಮಾಡುತ್ತಾರೆ. ಉಳಿದ ಹತ್ತು ಪಾಲಿಗೇ ಚೆಂಡು ಹೋಗಿ ತಗುಲುವುದು ಯಾಕೋ ಗೊತ್ತಿಲ್ಲ.

ಕ್ಲಬ್ ಮುಟ್ಟುವ ಮೊದಲು ಚೆಂಡಿನ ಹಿಂದೆ ನಿಂತು ಸುತ್ತ ಒಮ್ಮೆ ನೋಡಿ. ಮುಂದಕ್ಕೆ ಮಾತ್ರ ಅಲ್ಲ, ಪಕ್ಕಕ್ಕೆ, ಹಿಂದಕ್ಕೂ. ಎಲ್ಲಿ ಸಂದಿ ಅಗಲವಾಗಿದೆಯೋ, ಕೊಂಬೆ ಎತ್ತರದಲ್ಲಿದೆಯೋ ಅದೇ ನಿಮ್ಮ ದಾರಿ. ಹತ್ತು ಸಲ ಹೊಡೆದರೆ ಎಂಟು ಸಲ ದಾಟುತ್ತದೆ ಅನ್ನಿಸುವ ಸಂದಿ ಇದ್ದರೆ ಆರಿಸಿ, ಇಲ್ಲದಿದ್ದರೆ ಅಡ್ಡಕ್ಕೆ ಫೇರ್‌ವೇಗೆ ಹಾಕಿ. ಅಡ್ಡಕ್ಕೆ ಹಾಕುವಾಗ ಇನ್ನೊಂದು ಎಚ್ಚರ: ಆಚೆ ಬದಿಯ ಮರಗಳೊಳಗೆ ಹೋಗುವಷ್ಟು ಜೋರು ಬೇಡ.

ಆಮೇಲೆ ಚೆಂಡು ಕೂತ ಜಾಗ ನೋಡಿ. ಹುಲ್ಲು ತೆಳ್ಳಗಿದ್ದರೆ ಅಥವಾ ಬರಿ ಮಣ್ಣಾದರೆ 5 ಐರನ್ ಸರಿ, ಚೆಂಡು ತಗ್ಗಾಗಿ ಹೋಗುತ್ತದೆ. ಉದ್ದನೆಯ ಹುಲ್ಲಿನಲ್ಲಿ ಹುದುಗಿದ್ದರೆ ಅದರಿಂದ ಏಳುವುದಿಲ್ಲ. 7 ಅಥವಾ 8 ಐರನ್ ಬೇಕು, ಅಂದರೆ ಚೆಂಡು ಸ್ವಲ್ಪ ಮೇಲೇಳುತ್ತದೆ, ತಗ್ಗು ಕೊಂಬೆಯ ದಾರಿ ಮುಚ್ಚಿತು ಅಂತಲೇ ಅರ್ಥ.

ಹೊಡೆಯುವ ವಿಧಾನ ಹೀಗೆ. ಹಿಡಿಯ ಮೇಲೆ ಕೈಯನ್ನು ಎರಡು ಬೆರಳಷ್ಟು ಕೆಳಗಿಳಿಸಿ ಹಿಡಿಯಿರಿ. ಚೆಂಡು ಹಿಂದಿನ ಕಾಲಿನ ಕಡೆಗಿರಲಿ, ಕೈಗಳು ಚೆಂಡಿಗಿಂತ ಮುಂದಿರಲಿ, ಮೈಭಾರ ಮುಂದಿನ ಕಾಲ ಮೇಲೆ. ಕ್ಲಬ್ ಸೊಂಟದ ಎತ್ತರಕ್ಕೆ ಹಿಂದೆ, ಸೊಂಟದ ಎತ್ತರಕ್ಕೇ ಮುಂದೆ. ಮಣಿಕಟ್ಟಿನಿಂದ ಎತ್ತಲು ಹೋಗಬೇಡಿ. ಚೆಂಡು ತಾಗಿದ ಮೇಲೂ ಕ್ಲಬ್‌ನ ತಲೆ ತಗ್ಗಿನಲ್ಲೇ ಉಳಿಯಬೇಕು. ಹೀಗೆ ಹೊಡೆದ ಚೆಂಡು ನಿಮ್ಮ ಎಣಿಕೆಗಿಂತ ಜಾಸ್ತಿ ಓಡುತ್ತದೆ, ಅದಕ್ಕೇ ಮೆಲ್ಲಗೆ.

ಅಭ್ಯಾಸದ ಬೀಸು ಬೀಸುವಾಗ ಹುಷಾರು. ಹೊಡೆತಕ್ಕೆ ಅಡ್ಡ ಇರುವ ಕೊಂಬೆ ಮುರಿದು ದಾರಿ ಸಲೀಸಾದರೆ 2 ಸ್ಟ್ರೋಕ್ ದಂಡ. ನಿಲ್ಲಲು ಬೇಕಾದಷ್ಟು ಕೊಂಬೆಯನ್ನು ಮೈಯಿಂದ ಸರಿಸಬಹುದು. ಕೈಯಲ್ಲಿ ಹಿಡಿದು ಬಗ್ಗಿಸುವುದು, ಕಾಲಡಿಗೆ ಒತ್ತಿಟ್ಟುಕೊಳ್ಳುವುದು ಇಲ್ಲ. ಬಿದ್ದ ಎಲೆ, ಕಡ್ಡಿ, ಕಾಯಿ ತೆಗೆಯಬಹುದು, ಬಂಕರ್‌ನಲ್ಲೂ ಸಹ. ಆದರೆ ತೆಗೆಯುವಾಗ ಚೆಂಡು ಅಲುಗಿದರೆ 1 ಸ್ಟ್ರೋಕ್ ದಂಡ, ಚೆಂಡನ್ನು ಮೊದಲಿನ ಜಾಗಕ್ಕೇ ಇಡಬೇಕು. ಚೆಂಡಿಗೆ ಒರಗಿದ ಎಲೆಯನ್ನು ಬಿಟ್ಟುಬಿಡುವುದೇ ಕ್ಷೇಮ.

ಬೇರಿನ ಮೇಲೆ ಕೂತ ಚೆಂಡು ಹೊಡೆಯಬೇಡಿ. ಕ್ಲಬ್ ಬೇರಿಗೆ ಬಡಿದರೆ ಸ್ಕೋರ್ ಅಲ್ಲ, ಮಣಿಕಟ್ಟು ಹೋಗುತ್ತದೆ. ಸಾಮಾನ್ಯವಾಗಿ ಬೇರಿನಿಂದ ಪುಕ್ಕಟೆ ಬಿಡುಗಡೆ ಇಲ್ಲ. ‘ಆಡಲಾಗದ ಚೆಂಡು’ ಅಂತ ಘೋಷಿಸಿ 1 ಸ್ಟ್ರೋಕ್ ದಂಡ ಹಾಕಿಕೊಳ್ಳಿ. ಆಗ ಮೂರು ದಾರಿ: ಹಿಂದೆ ಹೊಡೆದ ಜಾಗಕ್ಕೇ ಮರಳುವುದು. ಧ್ವಜ ಮತ್ತು ಚೆಂಡಿನ ನೇರಕ್ಕೆ ಹಿಂದೆ ಎಷ್ಟು ಬೇಕಾದರೂ ಹೋಗಿ ಡ್ರಾಪ್ ಮಾಡುವುದು. ಇಲ್ಲವೇ ಚೆಂಡಿನಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರ ಆಗದಂತೆ ಡ್ರಾಪ್ ಮಾಡುವುದು. ಡ್ರಾಪ್ ಮಾಡುವುದು ಮೊಣಕಾಲ ಎತ್ತರದಿಂದ. ದಟ್ಟ ಮರಗಳಲ್ಲಿ ಎರಡನೆಯ ದಾರಿಯೇ ಹೆಚ್ಚು ಸಲ ಕೆಲಸಕ್ಕೆ ಬರುತ್ತದೆ. ಹಿಂದಕ್ಕೆ ನಡೆದರೆ ಮರ ಮುಗಿದು ಪಕ್ಕದ ಫೇರ್‌ವೇಯೇ ಸಿಗಬಹುದು, ಅದು ಔಟ್ ಆಫ್ ಬೌಂಡ್ಸ್ (ಆಟದ ಗಡಿಯಾಚೆ) ಅಂತ ಗುರುತು ಇಲ್ಲದಿದ್ದರೆ.

ಚೆಂಡು ಮರದ ಮೇಲೇ ಸಿಕ್ಕಿಕೊಂಡರೆ? ನಿಮ್ಮದೇ ಅಂತ ಗುರುತು ಕಾಣಬೇಕು. ಕಂಡರೆ ಅದೇ 1 ಸ್ಟ್ರೋಕ್ ದಂಡ ಹಾಕಿಕೊಂಡು, ಅದರ ನೇರ ಕೆಳಗಿನ ನೆಲದಿಂದ ಎರಡು ಕ್ಲಬ್ ಉದ್ದ ಅಳೆಯಿರಿ. ಪೆನ್ ಗುರುತು ಈಗ ಕೆಲಸಕ್ಕೆ ಬಂತು, ಅಲ್ವಾ?

ನೀರು, ಬಂಕರ್, ಕೆಸರು

ಕೆಂಪು ಗೂಟದ ನೀರಿಗೆ ಬಿದ್ದರೆ 1 ಸ್ಟ್ರೋಕ್ ದಂಡದೊಂದಿಗೆ, ಚೆಂಡು ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ ಡ್ರಾಪ್ ಮಾಡಬಹುದು. ಹಳದಿ ಗೂಟಕ್ಕೆ ಆ ಸವಲತ್ತು ಇಲ್ಲ, ನೀರಿನ ಹಿಂದಕ್ಕೇ ಹೋಗಬೇಕು. ಬಿಳಿ ಗೂಟದಾಚೆ ಹೋದರೆ ಔಟ್ ಆಫ್ ಬೌಂಡ್ಸ್. ದಂಡವೂ ಉಂಟು, ಹೊಡೆದ ಜಾಗಕ್ಕೇ ವಾಪಸ್ ಹೋಗುವುದೂ ಉಂಟು.

ಬಂಕರ್‌ನಲ್ಲಿ ಚೆಂಡಿನ ಹಿಂದೆ ಮುಂದೆ ಮರಳಿಗೆ ಕ್ಲಬ್ ತಾಗಿಸಬಾರದು. ಮಳೆ ಬಿದ್ದ ಮರಳು ಗಟ್ಟಿ, ಕ್ಲಬ್ ಪುಟಿದು ಚೆಂಡಿನ ನೆತ್ತಿಗೆ ಬಡಿಯುತ್ತದೆ. ಆಗ ವೆಜ್‌ನ (ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಕ್ಲಬ್) ಮುಖವನ್ನು ಜಾಸ್ತಿ ತೆರೆಯಬೇಡಿ, ಅಂದರೆ ಮೇಲ್ಮುಖವಾಗಿ ತಿರುಗಿಸಬೇಡಿ.

ಮೆತ್ತನೆಯ ನೆಲದಲ್ಲಿ ಚೆಂಡು ತನ್ನದೇ ಗುಂಡಿಯಲ್ಲಿ ಹೂತುಹೋಗುತ್ತದೆ. ಬಂಕರ್, ಗ್ರೀನ್ ಮತ್ತು ಕೆಂಪು, ಹಳದಿ ಗೂಟ ಹಾಕಿದ ಜಾಗ ಬಿಟ್ಟು ಬೇರೆಲ್ಲೇ ಹಾಗಾದರೂ ದಂಡವಿಲ್ಲದೆ ಎತ್ತಿ, ಒರೆಸಿ, ಒಂದು ಕ್ಲಬ್ ಉದ್ದದೊಳಗೆ ಡ್ರಾಪ್ ಮಾಡಬಹುದು. ನಿಂತ ಮಳೆನೀರಿಗೂ ಕಾರ್ಟ್ ಹಾದಿಗೂ ಪುಕ್ಕಟೆ ಬಿಡುಗಡೆ ಇದೆ. ಬಹಳ ಜನ ಗೊತ್ತಿಲ್ಲದೆ ಸುಮ್ನೆ ಕಷ್ಟಪಡುತ್ತಾರೆ. ಚೆಂಡಿಗೆ ಕೆಸರು ಮೆತ್ತಿದ್ದು ಒರೆಸಲು ಸ್ಥಳೀಯ ನಿಯಮ ಬಿಡದಿದ್ದರೆ, ಕೆಸರು ಯಾವ ಬದಿಗಿದೆ ನೋಡಿ. ಸಾಮಾನ್ಯವಾಗಿ ಚೆಂಡು ಅದರ ವಿರುದ್ಧ ಬದಿಗೆ ತಿರುಗುತ್ತದೆ.

ಗ್ರೀನ್ ಮೇಲೆ

ಗ್ರೀನ್‌ಗೆ ಹೊಡೆಯುವಾಗ ಚೆಂಡು ಗಾಳಿಯಲ್ಲಿ ಹೋಗುವ ದೂರವನ್ನೇ ಲೆಕ್ಕ ಹಾಕಿ. ಮುಂದೆ ಬಿದ್ದು ಉರುಳಿ ಹತ್ತುತ್ತದೆ ಅನ್ನುವ ಆಸೆ ಇಲ್ಲಿ ನಡೆಯುವುದಿಲ್ಲ. ಧ್ವಜ ಎಲ್ಲೇ ಇರಲಿ, ಗ್ರೀನ್‌ನ ಮಧ್ಯಕ್ಕೆ ಸಾಕಾಗುವ ಕ್ಲಬ್ ತೆಗೆದುಕೊಳ್ಳಿ.

ನೆರಳನ್ನೂ ನೋಡಬೇಕು. ಮರದ ನೆರಳಿನ ಗ್ರೀನ್‌ನಲ್ಲಿ ಬೆಳಗಿನ ಇಬ್ಬನಿ ಬೇಗ ಆರುವುದಿಲ್ಲ, ಪಟ್ ನಿಧಾನ. ಬಿಸಿಲು ಬಿದ್ದ ಮುಂದಿನ ಗ್ರೀನ್ ಅದಕ್ಕಿಂತ ಚುರುಕಾಗಿರಬಹುದು. ನೆರಳು ಅತಿಯಾದರೆ ಹುಲ್ಲೂ ಸೊರಗುತ್ತದೆ. ಅಮೆರಿಕದ ಓಕ್‌ಮಾಂಟ್ ಕ್ಲಬ್ 1990ರ ದಶಕದಿಂದ ಸಾವಿರಾರು ಮರ ಕಡಿಸಿ ಬಯಲು ಮಾಡಿಕೊಂಡಿತು. ಕೋರ್ಸ್ ಸುಲಭವೇನೂ ಆಗಲಿಲ್ಲ, ಯುಎಸ್ ಓಪನ್ ಟೂರ್ನಿ ಆಮೇಲೂ ಅಲ್ಲಿ ನಡೆದಿದೆ. ಆದರೂ ಆಟಗಾರನಾಗಿ ನನ್ನ ಓಟು ಮರಕ್ಕೇ.

ಮೆತ್ತನೆಯ ಗ್ರೀನ್‌ಗೆ ಎತ್ತರದಿಂದ ಬಿದ್ದ ಚೆಂಡು ಆಳವಾದ ಗುಂಡಿ ಮಾಡುತ್ತದೆ. ಅದನ್ನು ಸರಿಮಾಡುವವರಲ್ಲಿ ಅರ್ಧ ಜನ ತಪ್ಪಾಗಿ ಮಾಡುತ್ತಾರೆ. ಫೋರ್ಕ್ ಒಳಗೆ ಹಾಕಿ ಮಣ್ಣನ್ನು ಮೇಲಕ್ಕೆ ಮೀಟುತ್ತಾರೆ, ಬೇರು ಕಿತ್ತು ಹುಲ್ಲು ಸಾಯುತ್ತದೆ, ಅಲ್ಲಿ ಕಂದು ಮಚ್ಚೆ ಉಳಿಯುತ್ತದೆ. ಮೀಟಬಾರದು. ಗುಂಡಿಯ ಅಂಚಿನ ಹೊರಗೆ ಫೋರ್ಕ್ ಓರೆಯಾಗಿ ಚುಚ್ಚಿ, ಹಸಿರು ಹುಲ್ಲನ್ನು ಮಧ್ಯಕ್ಕೆ ತಳ್ಳಿ. ಸುತ್ತಲೂ ನಾಲ್ಕೈದು ಕಡೆ ಹಾಗೆ ಮಾಡಿದರೆ ಗುಂಡಿ ಮುಚ್ಚಿಕೊಳ್ಳುತ್ತದೆ. ಕೊನೆಗೆ ಪಟರ್‌ನ ತಳದಿಂದ ಮೆಲ್ಲಗೆ ತಟ್ಟಿ. ನಿಮ್ಮದರ ಜೊತೆ ಪಕ್ಕದ್ದೂ ಒಂದು.

ಫೇರ್‌ವೇಯಲ್ಲಿ ಕಿತ್ತ ಹುಲ್ಲಿನ ತುಂಡು ಇಡಿಯಾಗಿದ್ದರೆ ಅಲ್ಲೇ ಇಟ್ಟು ತುಳಿಯಿರಿ, ಚೂರಾಗಿದ್ದರೆ ಮರಳು ತುಂಬಿ. ಬಂಕರ್‌ನಲ್ಲಿ ಹೆಜ್ಜೆ ಅಳಿಸಿ ಬನ್ನಿ. ಪಟ್ ಮಾಡುವಾಗ ಧ್ವಜ ಒಳಗೇ ಇರಬಹುದು, 2019ರಿಂದ ಅದಕ್ಕೆ ದಂಡವಿಲ್ಲ. ಬ್ಯಾಗನ್ನು ಮುಂದಿನ ಟೀ ಇರುವ ಬದಿಗೇ ಇಡಿ, ಸ್ಕೋರ್ ಬರೆಯುವುದು ಮುಂದಿನ ಟೀಯಲ್ಲಿ. ಹಿಂದಿನವರು ಕಾಯುತ್ತಿದ್ದು ನಿಮ್ಮ ಮುಂದೆ ಒಂದು ಹೋಲ್ ಖಾಲಿ ಇದ್ದರೆ ಅವರಿಗೆ ದಾರಿ ಬಿಡಿ.

ಗುಡುಗು ಬಂದರೆ

ಇದರಲ್ಲಿ ಧೈರ್ಯ ತೋರಿಸಬೇಡಿ. ಸೈರನ್ ಒಮ್ಮೆ ಉದ್ದವಾಗಿ ಕೂಗಿದರೆ ಆಟ ತಕ್ಷಣ ನಿಲ್ಲಬೇಕು. ಸೈರನ್ ಇಲ್ಲದಿದ್ದರೂ ಸಿಡಿಲಿನ ಭಯ ಇದ್ದರೆ ನೀವಾಗಿಯೇ ನಿಲ್ಲಿಸಲು ನಿಯಮದಲ್ಲಿ ಅವಕಾಶ ಇದೆ. ಮಳೆಗೆ ಮರದ ಕೆಳಗೆ ನಿಲ್ಲುವುದು ನಮಗೆ ರೂಢಿ. ಸಿಡಿಲಿನಲ್ಲಿ ಅದೇ ಅತಿ ಕೆಟ್ಟ ಜಾಗ. ಗೋಡೆ ಇಲ್ಲದ ತಂಗುದಾಣ, ಬದಿ ತೆರೆದ ಕಾರ್ಟ್ ಕೂಡ ರಕ್ಷಣೆ ಕೊಡುವುದಿಲ್ಲ. ಕೊಡೆ, ಕ್ಲಬ್ ಕೆಳಗಿಟ್ಟು ಕ್ಲಬ್‌ಹೌಸ್ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ.

ಕಾರ್ಡ್ ಕೊಡುವ ಮೊದಲು

ಸ್ಪರ್ಧೆಯಾದರೆ ಪ್ರತಿ ಹೋಲ್‌ನ ಸ್ಕೋರನ್ನು ಜೊತೆಗಾರರೊಂದಿಗೆ ಒಂದೊಂದಾಗಿ ಓದಿ ನೋಡಿ. ಒಟ್ಟು ಮೊತ್ತ ತಪ್ಪಾದರೆ ಚಿಂತೆಯಿಲ್ಲ, ಕೂಡುವುದು ಸಮಿತಿಯ ಕೆಲಸ. ಆದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಸ್ಪರ್ಧೆಯಲ್ಲಿ) ಯಾವುದಾದರೂ ಹೋಲ್‌ಗೆ ನಿಜಕ್ಕಿಂತ ಕಡಿಮೆ ಬರೆದು ಸಹಿ ಹಾಕಿ ಕೊಟ್ಟರೆ ಅನರ್ಹತೆ, ಜಾಸ್ತಿ ಬರೆದಿದ್ದರೆ ಅದೇ ಗಟ್ಟಿ. ಮರಗಳೊಳಗೆ ಹೋದ ಹೋಲ್‌ಗಳನ್ನು ಎರಡು ಸಲ ಎಣಿಸಿ, ದಂಡದ ಸ್ಟ್ರೋಕ್ ಬಿಟ್ಟುಹೋಗುವುದು ಅಲ್ಲೇ.